ಆರು ವಾರದ ಬನ್

ರುಮಾನಾಳ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ನರ ಹುಡುಕುತ್ತಲೇ ಲ್ಯಾಬಿನ ಸುಮಾ ಕೇಳಿದಳು: ದಿನಾ ಗೋಧಿ, ಮೈದಾ ತಿಂತಿದ್ದಾಳೆ ತಾನೆ?

ತಾಯಿ ಅಕ್ಬರಿಯ ಮುಖ ಅರಳಿತು. ಗೋಧಿ ಒಗ್ಗುತ್ತಿಲ್ಲವೇನೋ, ರಕ್ತ ನೋಡೋಣ ಎಂದು ಡಾಕ್ಟರು ಚೀಟಿ ಬರೆದ ದಿನದಿಂದ, ಅಂದರೆ ಮೂರು ತಿಂಗಳಿಂದ, ಒಂದು ಚೂರೂ ಕೊಟ್ಟಿಲ್ಲ ಎಂದಳು. ಸಕ್ಕರೆ ಪರೀಕ್ಷೆಗೇ ಒಂದು ರಾತ್ರಿ ಉಪವಾಸ. ಇಷ್ಟು ದೊಡ್ಡ ಪರೀಕ್ಷೆಗೆ ಮೂರು ತಿಂಗಳಾದರೂ ಬೇಡವೇ? ಮನೆಯ ಕೆಳಗೇ ಗಂಡನ ಬೇಕರಿ, ಮಗಳಿಗೆ ಮಾತ್ರ ಮುದ್ದೆ, ಅನ್ನ. ವರ್ಷದಿಂದ ಕಾಡಿದ ಹೊಟ್ಟೆನೋವು ಹೇಳದೆ ಕೇಳದೆ ಹೊರಟುಹೋಗಿತ್ತು.

ಸುಮಾ ಪಟ್ಟಿ ಬಿಚ್ಚಿದಳು.

"ಯಾಕಕ್ಕ, ನರ ಸಿಗ್ಲಿಲ್ವಾ?" ಹದಿಮೂರರ ರುಮಾನಾಳಿಗೆ ಸೂಜಿಯ ಭಯವಿರಲಿಲ್ಲ, ತನ್ನ ರಕ್ತ ಏನು ಹೇಳುತ್ತದೋ ಎಂಬ ಕುತೂಹಲವೊಂದೇ.

"ನರ ಸಿಕ್ತು ಪುಟ್ಟಾ. ಗೋಧಿ ಒಳಗೆ ಹೋದ್ರೆ ತಾನೆ ನಿನ್ನ ಮೈ ಅದರ ಜೊತೆ ಜಗಳಕ್ಕೆ ನಿಲ್ಲೋದು? ಆ ಜಗಳದ ಗುರುತನ್ನೇ ನಾವು ರಕ್ತದಲ್ಲಿ ಹುಡುಕೋದು. ಈಗ ತೆಗೆದ್ರೆ ಏನೂ ಇಲ್ಲ ಅಂತ್ಲೇ ಬರ್ಬಹುದು."

"ಹಂಗೇ ಬರ್ಲಿ ಬಿಡಮ್ಮ," ಎಂದ ಬಾಗಿಲಲ್ಲಿ ನಿಂತಿದ್ದ ತಂದೆ ಖಾದರ್ ಬಾಷಾ. ತಣಿಸಂದ್ರದ ಅರ್ಧ ಊರಿಗೆ ಬನ್ ತಿನ್ನಿಸುವವನ ಮಗಳಿಗೇ ಬನ್ ಆಗಿಬರುವುದಿಲ್ಲವೆಂದರೆ ಹೇಗೆ?

ಸುಮಾ ಡಾಕ್ಟರಿಗೆ ಫೋನ್ ಮಾಡಿದಳು. ಆರು ವಾರ ದಿನವೂ ಗೋಧಿ ತಿನ್ನಲಿ, ನೋವು ತಡೆಯಲಾಗದಿದ್ದರೆ ತಿಳಿಸಲಿ, ಆಮೇಲೆ ರಕ್ತ ಎಂದರು ಅವರು. ಅಕ್ಬರಿ ದುಪಟ್ಟಾ ಬಾಯಿಗೆ ಒತ್ತಿಕೊಂಡಳು. ಹೋದ ನೋವನ್ನು ಕೈಯಾರೆ ಕರೆದು ಕೂರಿಸುವುದೇ? ಪರೀಕ್ಷೆಯೇ ಬೇಡ, ಹೀಗೇ ಇದ್ದುಬಿಡೋಣ ಎಂದಳು.

ಹೀಗೇ ಎಂದರೆ ಬದುಕಿಡೀ, ಅದೂ ಯಾಕೆಂದು ಗೊತ್ತಿಲ್ಲದೆ. ರುಮಾನಾ ತೋಳು ಉಜ್ಜಿಕೊಳ್ಳುತ್ತ ಯೋಚಿಸಿದಳು.

"ತಿಂತೀನಿ ಅಮ್ಮಿ. ನಂಗೆ ಗೊತ್ತಾಗ್ಬೇಕು."

ಮರುದಿನ ಬೆಳಿಗ್ಗೆ ಬೇಕರಿಗಿಳಿದು ಅವಳು ಕೈಚಾಚಿದಳು. ಹಿಟ್ಟಿನ ಒಂದೊಂದು ಉಂಡೆಯನ್ನೂ ತಕ್ಕಡಿಗಿಟ್ಟು ಒಂದೇ ತೂಕ ಮಾಡುವ ಖಾದರ್ ಬಾಷಾ, ಬಿಸಿ ಟ್ರೇಯ ಮೇಲೆ ಬೆರಳಾಡಿಸುತ್ತ, ಎಲ್ಲಕ್ಕಿಂತ ಸಣ್ಣ ಬನ್ನಿಗಾಗಿ ಹುಡುಕುತ್ತಲೇ ಇದ್ದ.