ಪೆತ್ರಾಳ ಬುಟ್ಟಿಯ ಮೊಟ್ಟೆ

ಗಂಡಸರ ಸಾಲಿನಲ್ಲಿ ಸುತ್ತು ಬಂದ ಕಾಸಿಮಿರಾ, ಮೊಟ್ಟೆ ಮಾರುವ ತನ್ನ ಅಮ್ಮ ಪೆತ್ರಾಳ ಬುಟ್ಟಿಯಿಂದ ಎತ್ತಿಕೊಂಡಿದ್ದ ಮೊಟ್ಟೆಯನ್ನು ನಿಕೊಲಾಸಾಳ ನೆತ್ತಿಯ ಮೇಲೆ ಒಡೆದೇಬಿಟ್ಟಳು. ಒಳಗೆ ತುಂಬಿದ್ದ ಬಣ್ಣದ ಕಾಗದದ ಚೂರುಗಳು ಕೂದಲ ತುಂಬ ಉದುರಿದವು. ಭಾನುವಾರದ ಸಂಜೆ ಊರ ಚೌಕದಲ್ಲಿ ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು ಎದುರುಬದುರಾಗಿ ಸುತ್ತು ಬರುವಾಗ, ಗಂಡು ತಾನು ಮೆಚ್ಚಿದ ಹೆಣ್ಣಿನ ತಲೆಗೆ ಹೀಗೆ ಮೊಟ್ಟೆ ಒಡೆಯುತ್ತಾನೆ. ಒಲ್ಲದವಳು ಚೂರು ಕೊಡವಿಕೊಂಡು ಮುಂದೆ ನಡೆಯುತ್ತಾಳೆ.

ಮರಿಂಬಾ ವಾದ್ಯ ಬಾರಿಸುವವರ ಕೋಲುಗಳು ಗಾಳಿಯಲ್ಲೇ ನಿಂತವು. "ಏನೇ ಪೆತ್ರಾ, ನಿನ್ ಮಗಳಿಗೆ ಊರಲ್ಲಿ ಗಂಡಸರೇ ಸಿಗ್ಲಿಲ್ವಾ?" ಎಂದಳು ಪಕ್ಕದ ಅಂಗಡಿಯ ತೊಮಾಸಾ. ಪೆತ್ರಾಳಿಗೆ ಕೇಳಿಸಲೇ ಇಲ್ಲ. ಅವಳ ಜೀವವೆಲ್ಲ ನಿಕೊಲಾಸಾಳ ಕೈಯಲ್ಲಿತ್ತು. ಆ ಕೈ ಕೂದಲವರೆಗೆ ಏರಿತು, ಒಂದು ಚೂರನ್ನೂ ಕೊಡವದೆ ಇಳಿದು ಕಾಸಿಮಿರಾಳ ಬೆರಳು ಹಿಡಿಯಿತು.

ಪೆತ್ರಾ ಬುಟ್ಟಿಯಲ್ಲಿದ್ದ ದೊಡ್ಡ ಮೊಟ್ಟೆಯನ್ನೇ ಆರಿಸಿಕೊಂಡು ಜನರ ನಡುವೆ ನುಗ್ಗಿದಳು. ಅದನ್ನು ನಿಕೊಲಾಸಾಳ ಅಂಗೈಯಲ್ಲಿಟ್ಟಳು.

"ತಗೊಳ್ಳೇ ಸೊಸೆ, ಇವಳ ತಲೆಗೂ ಒಂದು ಒಡಿ."