ನಲವತ್ತೇ ಎಳೆ

ಮೂರನೆಯ ಸಲವೂ ಡಿಸ್ಕಿನ ನಕಲು ಅರ್ಧಕ್ಕೇ ನಿಂತಿತು. ಕಂಪ್ಯೂಟರ್ ರಿಪೇರಿಯವಳು ತಲೆ ಮೇಲೆ ಕೈ ಹೊತ್ತು ಕೂತಳು. ಹಳೇ ಕಂಪ್ಯೂಟರನ್ನು ಹೊತ್ತು ತಂದಿದ್ದ ಪೋಸ್ಟ್‌ಮ್ಯಾನ್ ತಾತನ ಮುಖ ಬಾಡಿತು.

"ಡಿಸ್ಕ್ ಹೋಯ್ತೇನಮ್ಮ? ನಾನು ರೆಕಾರ್ಡ್ ಮಾಡಿದ ಹಕ್ಕಿ ಕೂಗೆಲ್ಲ ಅದರಲ್ಲೇ ಇರೋದು. ಆ ಕೆರೆ ಮುಚ್ಚಿ ಹನ್ನೆರಡು ವರ್ಷ ಆಯ್ತು. ಹಕ್ಕಿ ಮತ್ತೆ ಬರಲೇ ಇಲ್ಲ."

"ಇರಿ ತಾತ, ಇನ್ನೊಂದ್ಸಲ ನೋಡ್ತೀನಿ," ಎಂದಳೇ ಹೊರತು ಅವಳಿಗೂ ದಾರಿ ತೋಚುತ್ತಿರಲಿಲ್ಲ. ಬೋರ್ಡು ಬದಲಿಸಿ ನೋಡಿದ್ದಾಯಿತು, ಪವರ್ ಸಪ್ಲೈ ಬದಲಿಸಿದ್ದಾಯಿತು. ಡಿಸ್ಕನ್ನು ನಡೆಸುವ ಡ್ರೈವರ್ ತಂತ್ರಾಂಶ ಮಾತ್ರ, ಡಿಸ್ಕಿಗೂ ಬೋರ್ಡಿಗೂ ನಡುವಿನ ಕೇಬಲ್ ಎಂಬತ್ತು ಎಳೆಯದು, ಎಷ್ಟು ವೇಗವಾದರೂ ತಡೆಯುತ್ತದೆ ಎಂದು ಪರದೆಯ ಮೇಲೆ ತೋರಿಸುತ್ತಲೇ ಇತ್ತು; ಅವಳು ಅದನ್ನೇ ಗಟ್ಟಿಯಾಗಿ ಓದಿದಳು. ಯಂತ್ರವೇ ಹೇಳಿದ ಮೇಲೆ ಎಣಿಸುವವರು ಯಾರು?

ಅಂಗಡಿಯ ಮೂಲೆಯಲ್ಲಿ ಕೂತಿದ್ದ ಅವಳ ಅತ್ತೆ ಕೈ ಚಾಚಿದರು. ಜೀವಮಾನವೆಲ್ಲ ಮಗ್ಗದ ಮುಂದೆ ಕೂತು ಕಣ್ಣು ಮಂಜಾಗಿತ್ತು, ಬೆರಳು ಮಾತ್ರ ಇನ್ನೂ ಚುರುಕು.

"ಕೊಡೇ ಇಲ್ಲಿ ಆ ಪಟ್ಟೀನ."

ಚಪ್ಪಟೆ ಕೇಬಲಿನ ಮೇಲೆ ಅವರ ಉಗುರು ಅಡ್ಡಡ್ಡ ಸರಿಯಿತು. "ಎಂಬತ್ತೆಲ್ಲಿ ಬಂತು? ನಲವತ್ತೇ ಎಳೆ. ಬೇಕಾದ್ರೆ ನೀನೇ ಎಣಿಸ್ಕೋ."

ಸೊಸೆ ಎಣಿಸಿದಳು. ನಲವತ್ತೇ. ನಾಚಿಕೆಯಾಯಿತು. ಬೋರ್ಡೂ ಡಿಸ್ಕೂ ವೇಗದವು, ಹಾಗಾಗಿ ಕೇಬಲೂ ಅಂಥದ್ದೇ ಇರಬೇಕೆಂದು ನಂಬಿ ಡ್ರೈವರ್ ಮಾಹಿತಿಯನ್ನು ಪೂರ್ತಿ ವೇಗದಲ್ಲಿ ಓಡಿಸಿಬಿಟ್ಟಿತ್ತು. ಆ ಓಟಕ್ಕೆ ಒಂದು ಎಳೆಯ ಸಂಕೇತ ಪಕ್ಕದ ಎಳೆಗೆ ಸೋರಿ ಎಲ್ಲ ಕಲಸುಮೇಲೋಗರವಾಗಿತ್ತು. ವೇಗವನ್ನು ಅರ್ಧಕ್ಕಿಳಿಸಿ ಮತ್ತೆ ನಕಲಿಗಿಟ್ಟಳು.

ಮೂವರೂ ಪರದೆಯ ಮುಂದೆ ಕೂತು ಕಾದರು. ಅರ್ಧ ದಾಟಿತು. ಮುಕ್ಕಾಲಾಯಿತು. ಸಂಜೆಯ ಹೊತ್ತಿಗೆ ಪೂರ್ತಿ ಬಂತು. ಕೋಟಿಗಟ್ಟಲೆ ಸೊನ್ನೆ, ಒಂದುಗಳು ಆ ಬಡಕಲು ತಂತಿಗಳಲ್ಲಿ ಒಂದೂ ತಪ್ಪದೆ ದಾಟಿ ಬಂದಿದ್ದವು! ದಿನಾ ಇದೇ ಕೆಲಸ ಮಾಡುವವಳಿಗೆ ಇಂದು ಮೈ ಜುಮ್ಮೆಂದಿತು.

ಮೊದಲ ರೆಕಾರ್ಡಿಂಗ್ ಹಾಕಿದಳು. ದಡಕ್ಕೆ ನೀರು ಬಡಿಯುವ ಸದ್ದು. ಆಮೇಲೆ ಉದ್ದನೆಯ ಒಂದು ಕೂಗು. ಆಮೇಲೆ ಮೌನ. ತಾತ ತಮಗರಿವಿಲ್ಲದೆಯೇ ತುಟಿ ಕೂಡಿಸಿ, ಹಿಂದೆ ಆ ಕೆರೆದಂಡೆಯಲ್ಲಿ ಹಾಕುತ್ತಿದ್ದ ಶಿಳ್ಳೆ ಹಾಕಿದರು.

ಹನ್ನೆರಡು ವರ್ಷಗಳ ಆಚೆಯಿಂದ ಹಕ್ಕಿ ಓಗೊಟ್ಟಿತು.