ಹತ್ತು ಲಕ್ಷದ ಮೂರು

ಹುಟ್ಟಿದ ಕೂಸುಗಳಿಗೆ ಸಾಲಾಗಿ ಕೊಡುವ ಸಂಖ್ಯೆಯೇ ಅವರವರ ಫೋನ್ ನಂಬರು. ಒಂದರ ಮಗ್ಗಿ ಬಿಟ್ಟು, ಇಬ್ಬರ ಸಂಖ್ಯೆಗಳೂ ಬೇರೆ ಯಾವುದಾದರೂ ಒಂದೇ ಮಗ್ಗಿಯಲ್ಲಿ ಬಂದರೆ ಮಾತ್ರ ಒಬ್ಬರ ದನಿ ಇನ್ನೊಬ್ಬರಿಗೆ ಮುಟ್ಟುತ್ತಿತ್ತು. ಇಳಕಲ್ಲಿನ ನೀಲವ್ವನ ಸಂಖ್ಯೆ 10,00,003. ಅದು ಅವಿಭಾಜ್ಯ, ತನ್ನದಲ್ಲದೆ ಬೇರೆ ಯಾವ ಮಗ್ಗಿಗೂ ಸೇರದು. ಹಾಗಾಗಿ ಅವಳ ಫೋನು ಎಂದೂ ರಿಂಗಣಿಸಿರಲಿಲ್ಲ. ಕಾರವಾರಕ್ಕೆ ಹೋದ ಮಗಳು ಗಿರಿಜವ್ವನ ದನಿ ಕೇಳಿ ವರ್ಷಗಳೇ ಆಗಿದ್ದವು.

ಅಲ್ಲಿಂದ ಬಂದ ಲಾರಿ ಡ್ರೈವರ್ ಖಾಸೀಮಸಾಬ ಸುದ್ದಿ ತಂದ. "ಗಿರಿಜವ್ವ ಹಡದಾಳ, ಹೆಣ್ಣು ಕೂಸು. ಆದ್ರ ಸಂಖ್ಯೆ ಕೊಡೋ ಕಚೇರಿ ಮುಂದನ ಕುಂತಾಳ. ತನ್ನ ಪಾಳಿ ಬಂದ್ರೂ ಹಿಂದಿನವರನ್ನ ಮುಂದ ಬಿಡಾಕತ್ತಾಳ. ಯಾಕಂತ ಹೇಳವಲ್ಲಳು."

ನೀಲವ್ವನಿಗೂ ತಿಳಿಯಲಿಲ್ಲ. ವಾರ ಕಳೆದು ಒಂದು ಮುಂಜಾನೆ ಅವಳ ಫೋನು ರಿಂಗಣಿಸಿತು. ಪರದೆಯ ಮೇಲೆ 20,00,006. ಅದರ ಅರ್ಧ ತನ್ನದೇ ಸಂಖ್ಯೆ ಎಂದು ಹೊಳೆದಾಗ ಮಗಳು ಪಾಳಿ ಬಿಟ್ಟುಕೊಟ್ಟದ್ದು ಯಾಕೆಂದು ಅವಳಿಗೆ ತಿಳಿಯಿತು.

"ಗಿರಿಜಾ!"

ಆದರೆ ಆ ಸಂಖ್ಯೆ ಕೂಸಿನದು. ಪಕ್ಕದಲ್ಲೇ ನಿಂತು ಕೂಗಿದರೂ ಗಿರಿಜವ್ವನ ದನಿ ಈ ತಂತಿಯಲ್ಲಿ ದಾಟದು. ಕೂಸಿನ ಬಿಕ್ಕಳಿಕೆಯಷ್ಟೇ ಕೇಳಿಸಿತು.

ನೀಲವ್ವ ಫೋನನ್ನು ಕಿವಿಗೆ ಒತ್ತಿಕೊಂಡಳು. "ನಿಮ್ಮವ್ವ ಸೊರಗ್ಯಾಳೇನ? ಉಂಡಾಳೇನ? ಜಲ್ದಿ ಮಾತು ಕಲಿಯವ್ವಾ. ಆಕಿ ಅಂದದ್ದೆಲ್ಲಾ ನೀನ ನನಗ ಹೇಳಬೇಕು."